ಹಾಲಕ್ಕಿ: ನಮ್ಮ ವಿಜಯಪುರ ಸೀಮೆಯ ಪುಟ್ಟ ಗೂಗಿ (ಪದೇ ಪದೇ ಕೇಳುವ ಪ್ರಶ್ನೆಗಳು)

ನಮ್ಮ ಹಿತ್ತಲಿನ ಬೇವಿನ ಗಿಡದಲ್ಲಿ ಒಂದು ಜೋಡಿ ಹಾಲಕ್ಕಿ ಇದೆ. (ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ.) ಹಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಮನೆಗೆ ಬಂದ ನೆಂಟರು, ಓಣಿಯ ಹುಡುಗರು, ಹೊಲಕ್ಕೆ ಹೋಗುವ ಹಿರಿಯರು ಕೇಳುವುದು ಹೆಚ್ಚು ಕಡಿಮೆ ಅವೇ ಪ್ರಶ್ನೆಗಳನ್ನು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಹಾಲಕ್ಕಿ ಅಂದರೆ ಯಾವ ಹಕ್ಕಿ?

ಗೂಬೆ ಜಾತಿಯ ಒಂದು ಸಣ್ಣ ಹಕ್ಕಿ. ಉದ್ದ ಸುಮಾರು 21 ಸೆಂಟಿಮೀಟರ್, ಅಂದರೆ ಗೊರವಂಕದಷ್ಟೇ. ಮೈ ಬೂದು ಮಿಶ್ರಿತ ಕಂದು, ಅದರ ಮೇಲೆ ಬಿಳಿ ಚುಕ್ಕೆ. ತಲೆ ಗುಂಡಗೆ, ಕೊಂಬಿನಂಥ ಪುಕ್ಕ ಇಲ್ಲ. ಕಣ್ಣು ಹಳದಿ. ಹುಬ್ಬು ಬಿಳಿ ಇರುವುದರಿಂದ ಯಾವಾಗ ನೋಡಿದರೂ ನಿಮ್ಮನ್ನು ಗದರಿಸುವ ಹಾಗೆ ಕಾಣುತ್ತದೆ. ಕುತ್ತಿಗೆಯ ಮುಂದೆ ಬಿಳಿ ಪಟ್ಟಿ ಇರುತ್ತದೆ. ಎದೆ ಹೊಟ್ಟೆ ಬಿಳಿ, ಅದರ ಮೇಲೆ ಕಂದು ಗೆರೆ-ಚುಕ್ಕೆ.

ಇದಕ್ಕೆ ವಿಜ್ಞಾನದ ಹೆಸರು ಅಥೀನೆ ಬ್ರಾಮಾ. ಹೆಸರಿಟ್ಟವರು ಡಚ್ ಪಕ್ಷಿಶಾಸ್ತ್ರಜ್ಞ ಟೆಮ್ಮಿಂಕ್, 1821ರಲ್ಲಿ. ಅಥೀನೆ ಅಂದರೆ ಗ್ರೀಕರ ಜ್ಞಾನದೇವತೆ. ಆ ದೇವತೆಯ ಹಕ್ಕಿ ನಮ್ಮ ಹಾಲಕ್ಕಿಯ ಹತ್ತಿರದ ಸಂಬಂಧಿ. ಅಥೆನ್ಸ್ ಊರಿನ ಹಳೆಯ ಬೆಳ್ಳಿ ನಾಣ್ಯದ ಮೇಲೆ ಅದರ ಚಿತ್ರ ಇದೆ, ಈಗಿನ ಗ್ರೀಸ್ ದೇಶದ 1 ಯೂರೋ ನಾಣ್ಯದ ಮೇಲೂ ಇದೆ. ಅಲ್ಲಿ ರೊಕ್ಕದ ಮೇಲೆ ಕೂತ ಹಕ್ಕಿಯನ್ನು ಇಲ್ಲಿ ನಾವು ಕಲ್ಲು ಹೊಡೆದು ಓಡಿಸುತ್ತೇವೆ.

ಕಾರವಾರ ಕಡೆಯ ಹಾಲಕ್ಕಿ ಒಕ್ಕಲಿಗರು ಬೇರೆ, ಅದು ಒಂದು ಸಮುದಾಯದ ಹೆಸರು. ಇಲ್ಲಿ ಹೇಳುತ್ತಿರುವುದು ಹಕ್ಕಿಯ ಮಾತು.

ಗೂಗಿ, ಗೂಬೆ, ಹಾಲಕ್ಕಿ ಎಲ್ಲಾ ಒಂದೇನಾ?

ಗೂಬೆ ಅನ್ನುವುದು ಇಡೀ ಜಾತಿಗೆ. ನಮ್ಮ ಕಡೆ ಅದನ್ನೇ ಗೂಗಿ ಅನ್ನುತ್ತೇವೆ. ಹಾಲಕ್ಕಿ ಅದರಲ್ಲಿ ಒಂದು, ಅದೂ ಚಿಕ್ಕದು.

ನಮ್ಮ ಸೀಮೆಯಲ್ಲಿ ಇನ್ನೂ ಎರಡನ್ನು ಜನ ನೋಡಿರುತ್ತಾರೆ. ಒಂದು ಕೊಂಬಿನ ಗೂಬೆ. ಅದು ದೊಡ್ಡದು, ಅರ್ಧ ಮೀಟರಿಗಿಂತ ಜಾಸ್ತಿ ಉದ್ದ, ಕಿತ್ತಳೆ ಕಣ್ಣು, ತಲೆ ಮೇಲೆ ಎರಡು ಪುಕ್ಕದ ಕೊಂಬು. ಹಳ್ಳದ ದಂಡೆ, ಕಲ್ಲುಗುಡ್ಡದ ಸಂದಿನಲ್ಲಿ ಇರುತ್ತದೆ. ರಾತ್ರಿ 'ಬು-ಬೂ' ಅಂತ ಕೊಡದೊಳಗಿಂದ ಬಂದ ಹಾಗೆ ಕೂಗುತ್ತದೆ. ಇನ್ನೊಂದು ಕಣಜ ಗೂಬೆ, ಬಿಳಿ ಮುಖದ್ದು, ಹೃದಯದ ಆಕಾರದ ಮುಖ. ಪಾಳು ಗುಡಿ, ಹಳೆ ಕಟ್ಟಡಗಳಲ್ಲಿ ಸಿಗುತ್ತದೆ. ಎಲ್ಲಾದರೂ ಅದು ಹೊರಗೆ ಬಿದ್ದರೆ 'ವಿದೇಶದಿಂದ ಬಂದ ವಿಚಿತ್ರ ಹಕ್ಕಿ' ಅಂತ ಸುದ್ದಿಯಾಗುತ್ತದೆ. ಅದು ನಮ್ಮದೇ ಹಕ್ಕಿ.

ಬೆಳಗಾವಿ ಜಿಲ್ಲೆಯ ಖಾನಾಪುರ ಕಡೆ ಕಾಡು ಇರುವಲ್ಲಿ ಹಾಲಕ್ಕಿಯಷ್ಟೇ ದೊಡ್ಡದಾದ ಇನ್ನೊಂದು ಗೂಬೆ ಸಿಗುತ್ತದೆ. ಅದರ ಮೈ ಮೇಲೆ ಚುಕ್ಕೆ ಇಲ್ಲ, ಒತ್ತೊತ್ತಾಗಿ ಅಡ್ಡ ಪಟ್ಟೆ ಇರುತ್ತವೆ. ಚುಕ್ಕೆ ಇದ್ದರೆ ಹಾಲಕ್ಕಿ, ಪಟ್ಟೆ ಇದ್ದರೆ ಕಾಡಿನದು. ಇಷ್ಟು ನೆನಪಿಟ್ಟರೆ ಸಾಕು.

ಇಷ್ಟು ಪುಟ್ಟ ಹಕ್ಕಿಯನ್ನು ಬೇಟೆಗಾರ ಹಕ್ಕಿ ಅನ್ನಬಹುದಾ?

ಖಂಡಿತ. ಬಾಗಿದ ಕೊಕ್ಕು, ಚೂಪು ಉಗುರು, ಹಿಂದೆ ಮುಂದೆ ತಿರುಗಿಸಬಲ್ಲ ಹೊರಬೆರಳು, ಎಲ್ಲಾ ಬೇಟೆಗೇ ಮಾಡಿದ್ದು. ಹದ್ದಿಗೆ ಇರುವುದೆಲ್ಲ ಇದಕ್ಕೂ ಇದೆ, ಅಳತೆ ಮಾತ್ರ ಸಣ್ಣದು.

ಏನು ತಿನ್ನುತ್ತದೆ?

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಬೇವಿನ ಗಿಡದ ಬುಡದಲ್ಲಿ. ಗೂಬೆಗಳು ತಿಂದದ್ದರಲ್ಲಿ ಕರಗದ ಎಲುಬು, ಕೂದಲು, ಹುಳದ ಚಿಪ್ಪು ಎಲ್ಲವನ್ನೂ ಹೊಟ್ಟೆಯಲ್ಲಿ ಉಂಡೆ ಕಟ್ಟಿ ಬಾಯಿಂದ ಹೊರಗೆ ಹಾಕುತ್ತವೆ. ಒಂದು ದಿನ ಬೆಳಿಗ್ಗೆ ಅಂಥ ನಾಲ್ಕು ಉಂಡೆ ಆರಿಸಿ ತಂದೆ. ಹೆಬ್ಬೆರಳಿನ ತುದಿಯಷ್ಟು ದಪ್ಪ, ಬೂದು ಬಣ್ಣ, ಒಣಗಿದ ಮೇಲೆ ವಾಸನೆ ಏನೂ ಇಲ್ಲ. ಹಳೇ ಪೇಪರ್ ಹಾಸಿ, ನೀರು ಚಿಮುಕಿಸಿ, ಬೆಂಕಿಕಡ್ಡಿಯಿಂದ ಬಿಡಿಸಿದೆ. ಎರಡರಲ್ಲಿ ಬರೀ ಹುಳದ ಚಿಪ್ಪು. ಕಪ್ಪು ಜೀರುಂಡೆಯ ರೆಕ್ಕೆ ಮುಚ್ಚಳ ಕಿಟಕಿ ಬೆಳಕಿಗೆ ಹಿಡಿದರೆ ಇನ್ನೂ ಹೊಳೆಯುತ್ತಿತ್ತು. ಮಿಡತೆಯ ಹಿಂಗಾಲು ಗರಗಸದ ಹಲ್ಲಿನ ಸಮೇತ ಇತ್ತು. ಮೂರನೇದರಲ್ಲಿ ಚೇಳಿನ ಕೊಂಡಿ. ನಾಲ್ಕನೇದನ್ನು ಬಿಡಿಸಿದಾಗ ಬೂದು ಕೂದಲಿನ ಮಧ್ಯೆ ಇಲಿಯ ಕೆಳದವಡೆ ಬಂತು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಮುಂದಿನ ಹಲ್ಲು ಹಳದಿ. ಮಗಳು ಅದನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿ ಹಾಕಿ ಇಟ್ಟುಕೊಂಡಿದ್ದಾಳೆ.

ಅಂದರೆ ಮುಖ್ಯ ಊಟ ಹುಳ ಹುಪ್ಪಟೆ. ಅದರ ಜೊತೆಗೆ ಇಲಿ, ಮೂಗಿಲಿ, ಹಲ್ಲಿ, ಓತಿಕ್ಯಾತ, ಸಣ್ಣ ಬಾವಲಿ, ಕೆಲವೊಮ್ಮೆ ಸಣ್ಣ ಹಕ್ಕಿ. ಬೀದಿದೀಪದ ಕೆಳಗೆ ಹುಳ ಜಾಸ್ತಿ ಬೀಳುವುದರಿಂದ ಅಲ್ಲೇ ಕಂಬದ ಮೇಲೆ, ವಯರಿನ ಮೇಲೆ ಕಾಯುತ್ತಾ ಕೂತಿರುತ್ತದೆ.

ಹಗಲು ಅದಕ್ಕೆ ಕಣ್ಣು ಕಾಣಲ್ಲ ಅಂತಾರಲ್ಲ?

ಕಾಣುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ ಎಂಟರ ಬಿಸಿಲಿಗೆ ನಮ್ಮ ಜೋಡಿ ಪೊಟರೆಯ ಬಾಯಲ್ಲಿ ಕೂತು ಮೈ ಕಾಯಿಸುತ್ತದೆ. ಕಣ್ಣು ಅರ್ಧ ಮುಚ್ಚಿರುತ್ತದೆ. ನಾನು ಅಂಗಳ ದಾಟಿ ಹತ್ತು ಹೆಜ್ಜೆ ಹತ್ತಿರ ಹೋದರೆ ಸಾಕು, ಪಟ್ಟನೆ ಎರಡೂ ಕಣ್ಣು ತೆರೆದು ನನ್ನನ್ನೇ ನೋಡುತ್ತದೆ. ಕುರುಡು ಹಕ್ಕಿ ಹೀಗೆ ಮಾಡಲ್ಲ, ಅಲ್ವಾ? ಬೆಳಕು ಜಾಸ್ತಿ ಇದ್ದಾಗ ಕಣ್ಣಿನ ಪಾಪೆ ಸಣ್ಣದಾಗುತ್ತದೆ, ಅಷ್ಟೇ.

ತಲೆ ಮೇಲೆ ಕೆಳಗೆ ಯಾಕೆ ಕುಣಿಸುತ್ತದೆ?

ಗೂಬೆಯ ಕಣ್ಣು ಗೋಲಿಯಂತೆ ಉರುಟಲ್ಲ, ಕೊಳವೆಯಂತೆ ಉದ್ದ. ಗುಳಿಯೊಳಗೆ ಬಿಗಿಯಾಗಿ ಕೂತಿರುತ್ತದೆ. ನಮ್ಮ ಹಾಗೆ ಕಣ್ಣುಗುಡ್ಡೆ ಹೊರಳಿಸಲು ಬರಲ್ಲ. ಹಾಗಾಗಿ ನೋಡಬೇಕೆಂದರೆ ಇಡೀ ತಲೆ ತಿರುಗಿಸಬೇಕು. ಕುತ್ತಿಗೆಯಲ್ಲಿ 14 ಮಣಿ ಎಲುಬು ಇವೆ, ನಮಗಿರುವುದು 7. ತಲೆಯನ್ನು 270 ಡಿಗ್ರಿಯವರೆಗೂ ತಿರುಗಿಸುತ್ತದೆ. ಮೇಲೆ ಕೆಳಗೆ ಕುಣಿಸಿದರೆ ಒಂದೇ ವಸ್ತು ಬೇರೆ ಬೇರೆ ಕೋನದಿಂದ ಕಂಡು ದೂರ ಎಷ್ಟು ಅಂತ ಅಂದಾಜು ಸಿಗುತ್ತದೆ. ನಿಮ್ಮನ್ನು ನೋಡಿ ಅದು ತಲೆ ಕುಣಿಸಿದರೆ ಅಣಕಿಸುತ್ತಿಲ್ಲ, ನೀವೆಷ್ಟು ದೂರ ಇದ್ದೀರಿ ಅಂತ ಅಳೆಯುತ್ತಿದೆ.

ಕೂಗು ಹೇಗಿರುತ್ತದೆ?

ಗೂಬೆ ಅಂದ ಕೂಡಲೇ 'ಗೂಕ್ ಗೂಕ್' ಅಂತ ನೆನಪಾಗುತ್ತದೆ. ಹಾಲಕ್ಕಿಯದು ಹಾಗಲ್ಲ. 'ಚಿರ್ರ್ ಚಿರ್ರ್ ಚಿರ್ರ್, ಚಿವಾಕ್ ಚಿವಾಕ್' ಅಂತ ಒಂದು ಶುರು ಮಾಡಿದರೆ ಇನ್ನೊಂದು ನಡುವೆ ಬಾಯಿ ಹಾಕುತ್ತದೆ. ನಲ್ಲಿ ಮುಂದೆ ಕೊಡ ಇಟ್ಟು ಜಗಳಕ್ಕೆ ನಿಂತವರ ದನಿಯೇ. ಸಂಜೆ ಕತ್ತಲಾಗುವಾಗ ಒಮ್ಮೆ, ನಸುಕಿನಲ್ಲಿ ಒಮ್ಮೆ, ಈ ಎರಡು ಹೊತ್ತಿನಲ್ಲಿ ಗಲಾಟೆ ಜಾಸ್ತಿ. ಅದು ಜಗಳ ಅಲ್ಲ. ಗಂಡು ಹೆಣ್ಣು ಒಂದನ್ನೊಂದು ಕರೆಯುವುದು, ಪಕ್ಕದ ಜೋಡಿಗೆ 'ಈ ಗಿಡ ನಮ್ಮದು' ಅಂತ ಸಾರುವುದು.

ಬುಡಬುಡಿಕೆಯವರು ನಿಜವಾಗಿಯೂ ಹಾಲಕ್ಕಿ ಮಾತು ಕೇಳಿ ಭವಿಷ್ಯ ಹೇಳುತ್ತಾರಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು.

ನಾನು ಸಣ್ಣವನಿದ್ದಾಗ ಸುಗ್ಗಿ ದಿನಗಳಲ್ಲಿ ಬುಡಬುಡಿಕೆಯವರು ಬರುತ್ತಿದ್ದರು. ಇನ್ನೂ ಬೆಳಕು ಹರಿದಿರುತ್ತಿರಲಿಲ್ಲ. ತಲೆಗೆ ದೊಡ್ಡ ರುಮಾಲು, ಉದ್ದ ಕೋಟು, ಹೆಗಲ ಮೇಲೆ ಮನೆ ಮನೆಯಿಂದ ಬಂದ ಹಳೇ ಬಟ್ಟೆಗಳ ಹೊರೆ. ಕೈಯಲ್ಲಿ ಅಂಗೈಯಗಲದ ಡಮರು. ಅದರ ನಡುವಿನ ದಾರದ ತುದಿಗೆ ಗಂಟು ಇರುತ್ತದೆ, ಮಣಿಕಟ್ಟು ತಿರುಗಿಸಿದರೆ ಗಂಟು ಎರಡೂ ಮುಖಕ್ಕೆ ಬಡಿದು 'ಬುಡುಬುಡು' ಅನ್ನುತ್ತದೆ. ಹೆಸರು ಬಂದದ್ದೇ ಅದರಿಂದ. ಬಾಗಿಲ ಮುಂದೆ ನಿಂತು, 'ಹಾಲಕ್ಕಿ ನುಡದೈತ್ರೀ ಯವ್ವಾ, ಈ ಮನಿಗಿ ಒಳ್ಳೇದ ಆಗತೈತಿ, ತೊಟ್ಟಿಲಾ ತೂಗತೈತಿ' ಅಂತ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಮ್ಮ ಆಯಿ ಕಂಬಳಿ ಹೊದ್ದುಕೊಂಡೇ ಎದ್ದು ಹೋಗಿ ಮೊರದಲ್ಲಿ ಜೋಳ ಹಾಕುತ್ತಿದ್ದಳು. ಹಳೇ ಸೀರೆ ಇದ್ದರೆ ಅದೂ ಹೋಗುತ್ತಿತ್ತು.

ಅವರು ರಾತ್ರಿ ಸುಡುಗಾಡಿಗೆ ಹೋಗಿ ಹಾಲಕ್ಕಿ ಕೂಗು ಕೇಳಿಕೊಂಡು, ಆಮೇಲೆ ಊರೊಳಗೆ ಬರುತ್ತಾರೆ ಅನ್ನುವುದು ನಂಬಿಕೆ. ಹಕ್ಕಿ ಯಾವ ದಿಕ್ಕಿಗೆ ಕೂತಿತ್ತು, ಎಷ್ಟು ಸಲ ಕೂಗಿತು ಅನ್ನುವುದರ ಮೇಲೆ ಲೆಕ್ಕ. ಗಡಿಯಾಚೆ ಸೊಲ್ಲಾಪುರ ಕಡೆಗೂ ಇದೇ ಪದ್ಧತಿ ಇದೆ. ಮರಾಠಿಯಲ್ಲಿ ಹಾಲಕ್ಕಿಗೆ ಪಿಂಗಳಾ ಅನ್ನುತ್ತಾರೆ. ನಸುಕಿನಲ್ಲಿ ಭವಿಷ್ಯ ಹೇಳುತ್ತಾ ಬರುವವನಿಗೂ ಅಲ್ಲಿ ಪಿಂಗಳಾ ಅಂತಲೇ ಹೆಸರು. ಹಕ್ಕಿಯ ಹೆಸರೇ ಮನುಷ್ಯನಿಗೂ ಬಂದುಬಿಟ್ಟಿದೆ.

ಹಕ್ಕಿಗೆ ನಮ್ಮ ಮನೆಯ ಮದುವೆ, ಕೋರ್ಟ್ ಕೇಸು ಗೊತ್ತಿರಲ್ಲ, ಅದು ಸರಿ. ಆದರೆ ಬುಡಬುಡಿಕೆಯವರನ್ನು ಮೋಸಗಾರರು ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಊರಿಂದೂರಿಗೆ ಕತ್ತಲಲ್ಲಿ ನಡೆದ ಜನ ಅವರು. ಯಾವ ಹುಣಸೆ ಗಿಡದಲ್ಲಿ ಹಾಲಕ್ಕಿ ಇದೆ, ಯಾವ ತಿಂಗಳು ಜಾಸ್ತಿ ಕೂಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಅವರ ಬಾಯಲ್ಲಿ ಹಾಲಕ್ಕಿ ಯಾವಾಗಲೂ ಹೆಚ್ಚಾಗಿ ಒಳ್ಳೆಯದನ್ನೇ ನುಡಿಯುತ್ತಿತ್ತು. ಗೂಬೆ ಅಂದರೆ ಬಾಗಿಲು ಹಾಕಿಕೊಳ್ಳುವ ಊರಿನಲ್ಲಿ ಒಂದು ಗೂಬೆಯ ಮಾತಿಗೆ ಜನ ಬಾಗಿಲು ತೆರೆದು ಜೋಳ ಹಾಕುತ್ತಿದ್ದರು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಅಷ್ಟೊಂದು ಹಕ್ಕಿ ಇರುವಾಗ ಶಕುನಕ್ಕೆ ಹಾಲಕ್ಕಿಯೇ ಯಾಕೆ ಬೇಕಿತ್ತು?

ನನ್ನ ಅನಿಸಿಕೆ ಇಷ್ಟು. ಉಳಿದ ಗೂಬೆಗಳು ಊರಿಂದ ದೂರ, ಅಥವಾ ಮಾತು ಕಡಿಮೆ. ಹಾಲಕ್ಕಿ ಮನೆ ಪಕ್ಕದಲ್ಲೇ ಇರುತ್ತದೆ, ಒಂದೇ ಕೂಗಿಗೆ ನಿಲ್ಲಿಸಲ್ಲ. ದನಿ ಏರುತ್ತದೆ, ಇಳಿಯುತ್ತದೆ, ನಡುವೆ ತಡೆಯುತ್ತದೆ, ಇನ್ನೊಂದು ಉತ್ತರ ಕೊಡುತ್ತದೆ. ಕತ್ತಲಲ್ಲಿ ಕೇಳುವವನಿಗೆ ಅದು ಮಾತಿನ ಹಾಗೇ ಕೇಳಿಸುತ್ತದೆ. ಅದರ ಮೇಲೆ ನಸುಕಿನ ಹೊತ್ತು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಆ ಹೊತ್ತಿನಲ್ಲಿ ಕೇಳಿದ ಮಾತಿಗೆ ತೂಕ ಜಾಸ್ತಿ.

ಮನೆ ಮೇಲೆ ಕೂತು ಕೂಗಿದರೆ ಯಾರಾದರೂ ಸಾಯುತ್ತಾರಾ?

ಇಲ್ಲ.

ಹೆದರಿಕೆ ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟವಲ್ಲ. ಮನೆಯಲ್ಲಿ ಕಾಯಿಲೆಯವರಿದ್ದರೆ ರಾತ್ರಿಯಿಡೀ ದೀಪ ಉರಿಯುತ್ತದೆ. ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಹಾಲಕ್ಕಿ ಬರುತ್ತದೆ. ಮನೆಯವರು ಎಚ್ಚರ ಇರುವುದರಿಂದ ಕೂಗು ಕಿವಿಗೆ ಬೀಳುತ್ತದೆ. ಮುಂದೆ ಕೆಟ್ಟದ್ದು ನಡೆದರೆ ಕೂಗು ನೆನಪಿರುತ್ತದೆ. ಕಾಯಿಲೆ ವಾಸಿಯಾದರೆ ಯಾರಿಗೂ ಆ ಕೂಗು ನೆನಪಿರಲ್ಲ. ಪಾಳುಬಿದ್ದ ಮನೆಯಲ್ಲಿ ಗೂಗಿ ಇರುವುದೂ ಹೀಗೇ. ಗೂಗಿ ಬಂದದ್ದಕ್ಕೆ ಮನೆ ಪಾಳುಬೀಳಲಿಲ್ಲ. ಮನೆ ಪಾಳುಬಿದ್ದು ಗೋಡೆಯಲ್ಲಿ ಸಂದು ಬಿಟ್ಟ ಮೇಲೆ ಗೂಗಿ ಬಂತು.

ನಮ್ಮ ಮನೆಯ ಕುಂಬಿಯ ಮೇಲೆ ಹಾಲಕ್ಕಿ ದಿನಾ ಕೂಗುತ್ತದೆ. ಆಯಿ ಅದನ್ನು ಕೇಳುತ್ತಲೇ ತೊಂಬತ್ತು ದಾಟಿದಳು.

'ಗೂಬೆ ಕೂರಿಸುವುದು' ಅನ್ನುವ ಮಾತಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಗೂಬೆ ಕೂತ ಮನೆಗೆ ಕೇಡು ಅನ್ನುವ ನಂಬಿಕೆಯಿಂದಲೇ, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಆ ಮಾತು ಬಳಕೆಗೆ ಬಂತು. ನೋಡಿದರೆ ನಾವು ಗೂಬೆಯ ಮೇಲೇ ಗೂಬೆ ಕೂರಿಸಿದ್ದೇವೆ.

ಗೂಬೆ ಲಕ್ಷ್ಮಿಯ ವಾಹನ ಅಲ್ವಾ?

ಬಂಗಾಳದಲ್ಲಿ ಹೌದು. ಅಲ್ಲಿ ಲಕ್ಷ್ಮಿಯ ಮೂರ್ತಿಯ ಪಕ್ಕ ಬಿಳಿ ಗೂಬೆ ಇರುತ್ತದೆ, ಮನೆಗೆ ಗೂಬೆ ಬಂದರೆ ಸಂತೋಷಪಡುತ್ತಾರೆ. ನಮ್ಮಲ್ಲಿ ಗುಡಿಯ ಬಾಗಿಲ ಮೇಲೆ ಕಾಣುವುದು ಗಜಲಕ್ಷ್ಮಿ. ಕಮಲದ ಮೇಲೆ ಕೂತಿರುತ್ತಾಳೆ, ಎರಡು ಕಡೆ ಆನೆ ನೀರೆರೆಯುತ್ತಿರುತ್ತವೆ. ಗೂಬೆಗೆ ಅಲ್ಲಿ ಜಾಗ ಸಿಗಲಿಲ್ಲ. ಹಕ್ಕಿ ಅದೇ, ಊರು ಬದಲಾದರೆ ಶಕುನವೂ ಬದಲು.

ಕಾಗೆಗೂ ಗೂಗಿಗೂ ಯಾಕೆ ಅಷ್ಟು ವೈರ?

ಪಂಚತಂತ್ರದಲ್ಲಿ ಕಾಗೆ ಮತ್ತು ಗೂಬೆಗಳ ಯುದ್ಧದ ಕಥೆ ಇದೆ. ಹಕ್ಕಿಗಳಿಗೆ ಗೂಬೆಯನ್ನು ರಾಜ ಮಾಡುವ ಮನಸ್ಸಾಯಿತು, ಕಾಗೆ ಬಂದು ಅಡ್ಡ ಮಾತಾಡಿತು, ಅಲ್ಲಿಂದ ಹಗೆ ಶುರುವಾಯಿತು ಅಂತ.

ಕಥೆಯ ಹಿಂದೆ ಕಣ್ಣಿಗೆ ಕಾಣುವ ಸಂಗತಿ ಇದೆ. ಹಗಲು ಹಾಲಕ್ಕಿ ಹೊರಗೆ ಕಂಡರೆ ಕಾಗೆ, ಕಾಜಾಣ, ಗೊರವಂಕ, ಅಳಿಲು ಎಲ್ಲಾ ಸೇರಿ ಗದ್ದಲ ಮಾಡುತ್ತವೆ. ರಾತ್ರಿ ಗೂಡಿಗೆ ಬಂದು ಮರಿ ಹಿಡಿಯಬಲ್ಲ ಹಕ್ಕಿ ಇಲ್ಲಿದೆ ಅಂತ ಎಲ್ಲರಿಗೂ ತಿಳಿಸಿ, ಅದನ್ನು ಎಬ್ಬಿಸಿ ಓಡಿಸುವುದು ಅವುಗಳ ಉಪಾಯ. ನಿಮಗೆ ಹಾಲಕ್ಕಿ ಹುಡುಕಬೇಕಾದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಒಂದು ಗಿಡದ ಸುತ್ತ ಗೊರವಂಕಗಳು ಬಿಡದೆ ಕಿರುಚುತ್ತಿದ್ದರೆ ಅಲ್ಲಿ ಹಾವು ಇರಬೇಕು, ಬೆಕ್ಕು ಇರಬೇಕು, ಇಲ್ಲ ಹಾಲಕ್ಕಿ ಇರಬೇಕು.

ಗೂಡು ಎಲ್ಲಿ, ಮರಿ ಯಾವಾಗ?

ಗೂಡು ಕಟ್ಟಲು ಬರಲ್ಲ. ಮರದ ಪೊಟರೆ, ಗೋಡೆಯ ಸಂದು, ಹಳೇ ಬಾವಿಯ ಕಲ್ಲಿನ ನಡುವಿನ ತೂತು, ಹೀಗೆ ಸಿದ್ಧ ಇರುವ ಜಾಗ ಹುಡುಕುತ್ತದೆ. ಅದಕ್ಕಾಗಿ ಗೊರವಂಕದ ಜೊತೆ ಜಗಳವೂ ಆಗುತ್ತದೆ.

ನವೆಂಬರಿನಿಂದ ಏಪ್ರಿಲ್ ಒಳಗೆ ಮೊಟ್ಟೆ ಇಡುತ್ತದೆ. ನಮ್ಮ ಜೋಡಿ ಹೆಚ್ಚಾಗಿ ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ, ಅಂದರೆ ಸಂಕ್ರಮಣದ ನಂತರ ಕಾವಿಗೆ ಕೂರುತ್ತದೆ. ಸಾಮಾನ್ಯವಾಗಿ 3-4 ಮೊಟ್ಟೆ, ಬಿಳಿ, ಉರುಟು. ಸುಮಾರು ಒಂದು ತಿಂಗಳ ಕಾವು. ಮೊದಲ ಮೊಟ್ಟೆ ಇಟ್ಟ ಕೂಡಲೇ ಕಾವು ಶುರು ಮಾಡುವುದರಿಂದ ಮರಿಗಳೂ ಒಂದರ ಹಿಂದೆ ಒಂದು ಬರುತ್ತವೆ. ದೊಡ್ಡ ಮರಿ, ಸಣ್ಣ ಮರಿ ಒಂದೇ ಗೂಡಿನಲ್ಲಿ. ಊಟ ಕಡಿಮೆಯಾದರೆ ಚಿಕ್ಕದಕ್ಕೆ ಸಿಗಲ್ಲ. ಎಷ್ಟೋ ಸಲ ಒಂದೋ ಎರಡೋ ಮಾತ್ರ ಹಾರುವ ಹಂತಕ್ಕೆ ಬರುತ್ತವೆ. ಮೊದಲು ಹುಳ ತಿನ್ನಿಸುತ್ತವೆ, ಬೆಳೆದ ಮೇಲೆ ಇಲಿ. ಮೂರು ನಾಲ್ಕು ವಾರಕ್ಕೆ ಮರಿ ಹೊರಗೆ ಬರುತ್ತದೆ.

ಹಿಂಗಾರಿ ಜೋಳದ ಕೊಯ್ಲು ಕೂಡ ಅದೇ ಹೊತ್ತಿಗೆ. ಡೋಣಿ (ನಮ್ಮ ಸೀಮೆಯ ಹೊಳೆ) ಬೆಳೆದರೆ ಓಣಿಯೆಲ್ಲ ಜೋಳ ಅನ್ನುವ ಮಾತು ನಮ್ಮಲ್ಲಿದೆ. ಓಣಿಯಲ್ಲಿ ಜೋಳ ಬಂದರೆ ಇಲಿಯೂ ಬರುತ್ತದೆ. ಹಾಲಕ್ಕಿ ಮರಿಗಳ ಹೊಟ್ಟೆ ತುಂಬುವುದು ಆಗ.

ವಿಜಯಪುರದಲ್ಲಿ ಎಲ್ಲಿ ನೋಡಬಹುದು?

ಕಾಡಿಗೆ ಹೋಗಬೇಕಿಲ್ಲ. ಹಳೇ ಬೇವು, ಹುಣಸೆ, ಆಲದ ಗಿಡ ಇರುವ ಯಾವ ಓಣಿಯಾದರೂ ಸರಿ. ಹಳ್ಳಿಯ ಹುಡೇವಿನ (ಹಳೇ ಕಾವಲು ಬುರುಜಿನ) ಕಲ್ಲಿನ ಸಂದು, ಅಗಸಿ ಬಾಗಿಲ ಕಮಾನು, ಬಿದ್ದ ಮಾಳಿಗೆ ಮನೆಯ ಗೋಡೆ ನೋಡಿ. ಊರೊಳಗೆ ಆದಿಲಶಾಹಿ ಕಾಲದ ಕೋಟೆ ಗೋಡೆಗುಂಟ ಸಂಜೆ ನಡೆದರೆ ಕೂಗು ಕಿವಿಗೆ ಬೀಳುತ್ತದೆ. ಕಲ್ಲಿನ ಸಂದು, ಪಕ್ಕದಲ್ಲಿ ಹುಲ್ಲಿನ ಬಯಲು, ರಸ್ತೆ ದೀಪ, ಅದಕ್ಕೆ ಬೇಕಾದ್ದೆಲ್ಲ ಅಲ್ಲೇ ಇದೆ. ಗೂಡಿನ ಕೆಳಗೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಿಳಿ ಹಿಕ್ಕೆ ಇರುತ್ತದೆ, ಅದೇ ಗುರುತು.

ಇರಾನಿನಿಂದ ವಿಯೆಟ್ನಾಂವರೆಗೆ ಹಬ್ಬಿರುವ ಈ ಹಕ್ಕಿ ಶ್ರೀಲಂಕಾದಲ್ಲಿ ಮಾತ್ರ ಇಲ್ಲ. ಅದು ನನಗೆ ಬಹಳ ಆಶ್ಚರ್ಯ.

ಮನೆ ರಿಪೇರಿ ಮಾಡುವಾಗ ಗೋಡೆಯ ತೂತು ಮುಚ್ಚಬಹುದಾ?

ಮುಚ್ಚುವ ಮೊದಲು ಎರಡು ಸಂಜೆ ಎದುರಿಗೆ ಕೂತು ನೋಡಿ. ನಾನು ನೋಡದೆ ಮಾಡಿದ ತಪ್ಪನ್ನು ಹೇಳುತ್ತೇನೆ.

ನಮ್ಮ ಮನೆಯ ಹಿಂದಿನ ಗೋಡೆ ಕಲ್ಲು ಮಣ್ಣಿನದು, ಎರಡು ಮೊಳ ದಪ್ಪ. ಮಳೆಗೆ ಮಣ್ಣು ಉದುರಿ ಮೇಲ್ಗಡೆ ಒಂದು ತೂತು ಬಿದ್ದಿತ್ತು. ಫೆಬ್ರವರಿಯಲ್ಲಿ ಗೌಂಡಿಯನ್ನು ಕರೆಸಿ ಸಿಮೆಂಟ್ ಹಾಕಿಸಿದೆ. ಅವತ್ತು ಸಂಜೆ ಹಾಲಕ್ಕಿಯೊಂದು ಬಾಯಲ್ಲಿ ಏನೋ ಹಿಡಿದುಕೊಂಡು ಬಂದು ಆ ಹಸಿ ಸಿಮೆಂಟಿನ ಮುಂದೆ ರೆಕ್ಕೆ ಬಡಿಯಿತು, ಹೋಗಿ ವಯರಿನ ಮೇಲೆ ಕೂತಿತು, ಮತ್ತೆ ಬಂತು. ಆರೇಳು ಸಲ ಹಾಗೇ ಮಾಡಿತು. ಕೂಗಲಿಲ್ಲ. ಗೋಡೆಗೆ ಕಿವಿ ಇಟ್ಟೆ. ಒಳಗಿಂದ ಸಣ್ಣಗೆ ಸುಯ್ ಸುಯ್ ಅನ್ನುವ ದನಿ ಬರುತ್ತಿತ್ತು. ಏಣಿ ತಂದು, ಟಾರ್ಚ್ ಹಿಡಿಸಿ, ಹಾರೆಯಿಂದ ಮೆಲ್ಲಗೆ ಸಿಮೆಂಟ್ ಬಿಡಿಸಿದೆವು. ಒಳಗೆ ಎರಡು ಮರಿ, ಬಿಳಿ ತುಪ್ಪುಳದ ಮೇಲೆ ಸಿಮೆಂಟ್ ಧೂಳು. ಎರಡೂ ಬದುಕಿದ್ದವು. ಏಣಿ ಸರಿಸಿ ನಾವು ಅಡುಗೆಮನೆ ಬಾಗಿಲ ಹಿಂದೆ ನಿಂತೆವು. ಕಾಲು ಗಂಟೆಯೊಳಗೆ ತಾಯಿ ಒಳಗೆ ಹೋಯಿತು. ಆ ತೂತು ಇವತ್ತಿಗೂ ಹಾಗೇ ಇದೆ, ಸುತ್ತ ಮಾತ್ರ ಗಿಲಾವು ಮಾಡಿಸಿದ್ದೇನೆ.

ಮುಚ್ಚಲೇಬೇಕಾದರೆ ಮಳೆಗಾಲದಲ್ಲಿ, ಒಳಗೆ ಏನೂ ಇಲ್ಲ ಅಂತ ನೋಡಿಕೊಂಡು ಮುಚ್ಚಿ. ಪಕ್ಕದಲ್ಲಿ ಒಂದು ಹಲಗೆ ಪೆಟ್ಟಿಗೆ ಎತ್ತರಕ್ಕೆ ಕಟ್ಟಿ.

ರೈತರಿಗೆ ಇದರಿಂದ ಏನು ಲಾಭ?

ಇಲಿ, ಮಿಡತೆ, ಜೀರುಂಡೆ ತಿನ್ನುತ್ತದೆ, ಕೂಲಿ ಕೇಳಲ್ಲ. ಹೊಲದ ಬದುವಿನ ಮೇಲಿನ ಹಳೇ ಜಾಲಿ, ಬೇವು ಕಡಿಯದೆ ಬಿಟ್ಟರೆ ಅದೇ ಅದಕ್ಕೆ ಮನೆ. ಗಿಡ ಇಲ್ಲದ ಎರೆ ಹೊಲದಲ್ಲಿ ಆಳೆತ್ತರದ ಕಟ್ಟಿಗೆ ನೆಟ್ಟು ಮೇಲೆ ಅಡ್ಡಕ್ಕೆ ಒಂದು ಕೋಲು ಕಟ್ಟಿ, ರಾತ್ರಿ ಅದರ ಮೇಲೆ ಕೂತು ಬೇಟೆಯಾಡುತ್ತದೆ.

ಇಲಿ ಪಾಷಾಣದ ಬಗ್ಗೆ ಒಂದು ಮಾತು. ಬ್ರೊಮಾಡಯೋಲೋನ್ ಥರದ ಕೇಕ್ ತಿಂದ ಇಲಿ ತಕ್ಷಣ ಸಾಯಲ್ಲ. ರಕ್ತ ಹೆಪ್ಪುಗಟ್ಟದೆ ಕೆಲವು ದಿನ ಒದ್ದಾಡಿ ಸಾಯುತ್ತದೆ. ಆ ದಿನಗಳಲ್ಲಿ ಅದು ನಿಧಾನವಾಗಿ ಬಯಲಲ್ಲಿ ಓಡಾಡುತ್ತದೆ. ಗೂಬೆಗೆ ಸುಲಭದ ಬೇಟೆ. ವಿಷ ಇಲಿಯಿಂದ ಹಕ್ಕಿಗೆ ಹೋಗುತ್ತದೆ. ಮನೆಯಲ್ಲಾದರೆ ಇಲಿ ಬೋನು ಇಡಿ.

ಮರಿ ಕೆಳಗೆ ಬಿದ್ದಿದ್ದರೆ ಏನು ಮಾಡಬೇಕು?

ಗಾಯ ಇಲ್ಲದಿದ್ದರೆ ಬಟ್ಟೆಯಲ್ಲಿ ಹಿಡಿದು, ಬಿದ್ದ ಗೂಡಿಗೋ ಅದೇ ಗಿಡದ ಎತ್ತರದ ಕೊಂಬೆಗೋ ಇಟ್ಟು ದೂರ ಸರಿಯಿರಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು. ಕತ್ತಲಾದ ಮೇಲೆ ಬಂದು ಉಣಿಸುತ್ತದೆ. ಹಾಲು, ಅನ್ನ, ರೊಟ್ಟಿ ಹಾಕಬೇಡಿ. ಬಾಯಿಗೆ ನೀರು ಬಿಡಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ರೆಕ್ಕೆ ಮುರಿದಿದ್ದರೆ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಸಾಕಬಹುದಾ? ದುಡ್ಡು ಕೊಟ್ಟು ಕೇಳುವವರು ಇದ್ದಾರೆ.

ಸಾಕುವ ಹಾಗಿಲ್ಲ, ಮಾರುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಬೆ ಹಿಡಿಯುವುದು, ಕೊಲ್ಲುವುದು, ಮೊಟ್ಟೆ ತೆಗೆಯುವುದು ಎಲ್ಲಾ ಅಪರಾಧ.

ದುಡ್ಡು ಕೊಡುತ್ತೇನೆ ಅನ್ನುವವರು ಹೆಚ್ಚಾಗಿ ಮಾಟಮಂತ್ರಕ್ಕೆ ಕೇಳುವವರು. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದಾಗ ಇದು ಜಾಸ್ತಿ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ 2010ರಲ್ಲಿ ಭಾರತದ ಗೂಬೆ ವ್ಯಾಪಾರದ ಬಗ್ಗೆ ವರದಿ ತಂದಿತು. ದೇಶದ 30 ಜಾತಿಯ ಗೂಬೆಗಳಲ್ಲಿ 15 ಜಾತಿ ಮಾರಾಟಕ್ಕೆ ಸಿಕ್ಕಿದ್ದವು, ಹಾಲಕ್ಕಿಯೂ ಅವುಗಳಲ್ಲಿ ಒಂದು. ಗೂಬೆಯನ್ನು ಉಪವಾಸ ಕೆಡವಿ ಹೊಡೆದರೆ ಮನುಷ್ಯರ ಹಾಗೆ ಮಾತಾಡಿ ನಿಧಿ ತೋರಿಸುತ್ತದೆ ಅನ್ನುವ ನಂಬಿಕೆಯನ್ನು ಪಕ್ಷಿತಜ್ಞ ಸಲೀಂ ಅಲಿ ಬರೆದಿಟ್ಟಿದ್ದಾರೆ. ಅದನ್ನು ಓದಿದಾಗ ನನಗೆ ಹೊಟ್ಟೆ ತೊಳಸಿತು. ಯಾರಾದರೂ ನಿಮ್ಮ ಹತ್ತಿರ ಹೀಗೆ ಕೇಳಿದರೆ ಸುಮ್ನೆ ನಕ್ಕು ಕಳಿಸಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಸಂಖ್ಯೆ ಕಡಿಮೆ ಆಗುತ್ತಿದೆಯಾ?

ಜಗತ್ತಿನ ಲೆಕ್ಕದಲ್ಲಿ ಅಪಾಯದ ಪಟ್ಟಿಯಲ್ಲಿಲ್ಲ. ನಮ್ಮ ಓಣಿಯ ಲೆಕ್ಕ ಬೇರೆ. ರಸ್ತೆ ಅಗಲ ಮಾಡಿದಾಗ ಐದು ಹಳೇ ಹುಣಸೆ ಗಿಡ ಹೋದವು, ಅವುಗಳ ಜೊತೆ ಎರಡು ಜೋಡಿ ಹೋದವು. ಹೊಸದಾಗಿ ನೆಟ್ಟ ಸಸಿಯಲ್ಲಿ ಪೊಟರೆ ಬೀಳಲು ಇನ್ನೂ ಎಷ್ಟೋ ವರ್ಷ ಬೇಕು. ಹೊಸ ಆರ್‌ಸಿಸಿ ಮನೆಯ ಗೋಡೆಯಲ್ಲಿ ಸಂದೇ ಇರಲ್ಲ. ರಾತ್ರಿ ರಸ್ತೆ ಮೇಲೆ ಹುಳ ಆರಿಸಲು ಇಳಿದು ಗಾಡಿಗೆ ಸಿಕ್ಕಿ ಸಾಯುವುದೂ ಇದೆ. ಮುಂದೆ ರಸ್ತೆಯಲ್ಲಿ ಎರಡು ಹೊಳಪು ಚುಕ್ಕೆ ಕಂಡರೆ ಒಮ್ಮೆ ಡಿಪ್ಪರ್ ಹಾಕಿ ವೇಗ ಇಳಿಸಿ, ಎದ್ದು ಹಾರುತ್ತದೆ.

ಮಕ್ಕಳಿಗೆ ತೋರಿಸಬೇಕು, ಯಾವಾಗ ಬರೋಣ?

ಸೂರ್ಯ ಮುಳುಗುವ ಕಾಲು ಗಂಟೆ ಮೊದಲು ಬನ್ನಿ. ಗೂಡಿನ ಕಡೆ ಟಾರ್ಚ್ ಬಿಡಬೇಡಿ, ಮೊಬೈಲ್ ಫ್ಲ್ಯಾಶ್ ಬೇಡ. ಗಿಡದಿಂದ ಹದಿನೈದು ಹೆಜ್ಜೆ ದೂರ ಕಟ್ಟೆಯ ಮೇಲೆ ಕೂತರೆ ಸಾಕು. ಗಿಳಿಗಳು ಗದ್ದಲ ಮಾಡಿ ಹೋದ ಮೇಲೆ ಸ್ವಲ್ಪ ಹೊತ್ತು ಏನೂ ಇರಲ್ಲ. ಆಮೇಲೆ ಪೊಟರೆಯ ಬಾಯಲ್ಲಿ ಒಂದು ಗುಂಡು ತಲೆ ಬರುತ್ತದೆ. ಆಕಡೆ ಈಕಡೆ ನೋಡುತ್ತದೆ, ಮೈ ಕೊಡವುತ್ತದೆ, ಒಂದು ರೆಕ್ಕೆ ಒಂದು ಕಾಲು ಜೊತೆಗೇ ಚಾಚಿ ಮೈಮುರಿಯುತ್ತದೆ. ಎರಡನೇದು ಅದರ ಪಕ್ಕ ಬಂದು ಒತ್ತಿಕೊಂಡು ಕೂರುತ್ತದೆ. ಒಂದು ಇನ್ನೊಂದರ ಕುತ್ತಿಗೆಯ ಪುಕ್ಕ ಕೊಕ್ಕಿನಿಂದ ಬಿಡಿಸುತ್ತದೆ. ಬೀದಿದೀಪ ಹತ್ತುವ ಹೊತ್ತಿಗೆ ಎರಡೂ ಹಾರಿ ವಯರಿನ ಮೇಲೆ ಕೂತಿರುತ್ತವೆ.